ಒಂದು ಕೀಗೆ ಒಂದೇ ದಾರಿ: ಕಂಪ್ಯೂಟರ್‌ನಲ್ಲಿ ಮಿಡಿ ರೂಟಿಂಗ್ ಮಾಡಿಕೊಳ್ಳುವ ಕ್ರಮ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರ ಹತ್ತಿರ ಸಾಮಾನ್ಯವಾಗಿ ಇರುವ ಸಾಮಾನು ಇಷ್ಟೇ: ಒಂದು ಅರೇಂಜರ್ ಕೀಬೋರ್ಡ್ (ಕಾರ್ಡ್ ಹಿಡಿದರೆ ಹಿಮ್ಮೇಳ ತಾನೇ ನುಡಿಸುವಂಥದ್ದು), ಒಂದು ಲ್ಯಾಪ್‌ಟಾಪ್, ಒಂದು ಆಡಿಯೋ ಇಂಟರ್‌ಫೇಸ್ (ಶಬ್ದವನ್ನು ಕಂಪ್ಯೂಟರ್‌ನ ಒಳಗೆ ಹೊರಗೆ ದಾಟಿಸುವ ಪೆಟ್ಟಿಗೆ). ಅನುಕೂಲ ಇದ್ದವರ ಹತ್ತಿರ ಒಂದು ರಿದಮ್ ಪ್ಯಾಡ್. ಭಜನೆಗೆ, ಭಾವಗೀತೆಗೆ, ಶಾಲಾ ವಾರ್ಷಿಕೋತ್ಸವದ ಡ್ಯಾನ್ಸ್ ಟ್ರ್ಯಾಕ್‌ಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಇವನ್ನೆಲ್ಲ ಕಂಪ್ಯೂಟರ್‌ಗೆ ಸೇರಿಸುವ ಹೊತ್ತಿಗೆ ತಲೆನೋವು ಶುರುವಾಗುತ್ತದೆ. ಕೀ ಒತ್ತಿದರೆ ಶಬ್ದವೇ ಬರುವುದಿಲ್ಲ, ಇಲ್ಲವೇ ಒಂದಕ್ಕೆ ಎರಡು ಬರುತ್ತದೆ.

ಕೀಬೋರ್ಡ್ ಮತ್ತು ಕಂಪ್ಯೂಟರ್ ಸೂಚನೆ ಹಂಚಿಕೊಳ್ಳುವ ಭಾಷೆ ಮಿಡಿ, ಆ ಸೂಚನೆಗೆ ದಾರಿ ಹಾಕುವುದು ರೂಟಿಂಗ್. ನಾನು ನೋಡಿದ ಮಟ್ಟಿಗೆ ಮಿಡಿ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಎರಡೇ ಜಾತಿ. ಕೀಯಿಂದ ಶಬ್ದದವರೆಗೆ ದಾರಿ ಇಲ್ಲದಿದ್ದರೆ ಮೌನ. ಎರಡು ದಾರಿ ಇದ್ದರೆ ಗೊಂದಲ. ಒಂದು ಕೀಗೆ ಒಂದೇ ದಾರಿ ಇರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದನ್ನು ಮಾಡಿಕೊಳ್ಳುವ ಬಗೆಯಷ್ಟೆ. ಉದಾಹರಣೆಗೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇನೆ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನಿಮ್ಮ ಹತ್ತಿರ ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋ, ಏಬಲ್‌ಟನ್ ಇದ್ದರೂ ವಿಷಯ ಅದೇ, ಮೆನುವಿನ ಜಾಗ ಮಾತ್ರ ಬೇರೆ.

ಮೊದಲು ತಿಳಿದಿರಬೇಕಾದಷ್ಟು

ಮಿಡಿ ಕೇಬಲ್‌ನಲ್ಲಿ ಶಬ್ದ ಹೋಗುವುದಿಲ್ಲ. ‘ಈ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು’ ಎಂಬ ಸೂಚನೆ ಮಾತ್ರ ಹೋಗುತ್ತದೆ. ಕೀಬೋರ್ಡ್‌ನ ಸ್ವಂತ ಕೊಳಲಿನ ಟೋನ್ ರೆಕಾರ್ಡ್ ಆಗಬೇಕು ಅಂದರೆ ಅದರ ಲೈನ್ ಔಟ್ ಅಥವಾ ಹೆಡ್‌ಫೋನ್ ಜಾಕ್‌ನಿಂದ ಇಂಟರ್‌ಫೇಸ್‌ಗೆ ಬೇರೆ ಆಡಿಯೋ ಕೇಬಲ್ ಬೇಕು. ಇದನ್ನು ಗಮನಿಸದೆ ಮಿಡಿ ಕೆಟ್ಟಿದೆ ಅಂದುಕೊಳ್ಳುವವರು ತುಂಬಾ ಜನ.

1983ರಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ಪ್ರದರ್ಶನದಲ್ಲಿ ಡೇವ್ ಸ್ಮಿತ್ ಅವರ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಎಂಬ ಎರಡು ಬೇರೆ ಬೇರೆ ಕಂಪನಿಯ ಸಿಂಥ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸಿ ತೋರಿಸಿದರು. ಆಗ ಮಾಡಿದ ಭಾಷೆಯನ್ನೇ ಇವತ್ತಿನ ಕೀಬೋರ್ಡ್ ಕೂಡ ಆಡುತ್ತದೆ. 5 ಪಿನ್ನಿನ ದುಂಡು ಜಾಕ್‌ನಲ್ಲಿ ಸೆಕೆಂಡಿಗೆ 31,250 ಬಿಟ್ ಹೋಗುತ್ತದೆ. ಒಂದು ಸ್ವರದ ಸೂಚನೆ ದಾಟಲು ಸುಮಾರು 1 ಮಿಲಿಸೆಕೆಂಡ್. ಆದ್ದರಿಂದ ‘ಮಿಡಿ ನಿಧಾನ’ ಎಂದು ಯಾರಾದರೂ ಹೇಳಿದರೆ ಕೇಬಲ್ ಮೇಲೆ ಅನುಮಾನ ಪಡಬೇಡಿ. ತಡ ಆಗುವುದು ಬೇರೆ ಕಡೆ, ಅದು ಮುಂದೆ ಬರುತ್ತದೆ.

ಒಂದು ಕೇಬಲ್‌ನಲ್ಲಿ 16 ಚಾನೆಲ್, ಅಂದರೆ ಬೇರೆ ಬೇರೆ ವಾದ್ಯದ ಸೂಚನೆಗೆ ಬೇರೆ ಬೇರೆ ಸಾಲು. ಸ್ವರಗಳಿಗೆ 0ರಿಂದ 127ರವರೆಗೆ ನಂಬರ್, ನಡುವಿನ ಸಿ ಅಂದರೆ 60. ಅದನ್ನು ಯಮಾಹಾ ಸಿ3 ಅನ್ನುತ್ತದೆ, ರೋಲ್ಯಾಂಡ್ ಸಿ4 ಅನ್ನುತ್ತದೆ. ಸ್ವರ ಒಂದು ಸ್ಥಾಯಿ ತಪ್ಪಿದ ಹಾಗೆ ಕಂಡರೆ ಮೊದಲು ನಂಬರ್ ನೋಡಿ. ಜನರಲ್ ಮಿಡಿ ಪದ್ಧತಿಯಲ್ಲಿ 10ನೇ ಚಾನೆಲ್ ಡ್ರಮ್ಸ್‌ಗೆ ಮೀಸಲು. ಈ 10 ನೆನಪಿರಲಿ, ಶ್ರುತಿ ಬದಲಿಸುವಾಗ ಕಾಟ ಕೊಡುವುದು ಇದೇ.

ಹೆಜ್ಜೆ 1: ಕಾಗದದ ಮೇಲೆ ಬರೆಯಿರಿ

ಲ್ಯಾಪ್‌ಟಾಪ್ ಮುಚ್ಚಿಡಿ. ಒಂದು ಹಾಳೆಯಲ್ಲಿ ಎಡಕ್ಕೆ ಕಳಿಸುವವರು, ಬಲಕ್ಕೆ ಕೇಳುವವರು. ಎಡಕ್ಕೆ ಕೀಬೋರ್ಡ್, ಪ್ಯಾಡ್. ಬಲಕ್ಕೆ ಪ್ಲಗಿನ್‌ಗಳು, ಅಂದರೆ ಸಾಫ್ಟ್‌ವೇರ್ ಒಳಗಿನ ವಾದ್ಯಗಳು: ಪಿಯಾನೋ ಪ್ಲಗಿನ್, ಡ್ರಮ್ ಪ್ಲಗಿನ್, ಬೇಸ್ ಪ್ಲಗಿನ್. ನಡುವೆ ಬಾಣ, ಬಾಣದ ಮೇಲೆ ಚಾನೆಲ್ ನಂಬರ್. ಕೀಬೋರ್ಡ್‌ನೊಳಗಿನ ಸ್ವಂತ ಟೋನನ್ನೂ ಬಲಕ್ಕೆ ಒಬ್ಬ ಕೇಳುವವನಾಗಿ ಬರೆಯಿರಿ. ಎಲ್ಲರೂ ಮರೆಯುವುದು ಅವನನ್ನೇ. ಒಂದೇ ಕೆಲಸಕ್ಕೆ ಎರಡು ಬಾಣ ಬಂದಿದೆಯಾ? ಒಂದನ್ನು ಈಗಲೇ ಹೊಡೆದು ಹಾಕಿ.

ಹೆಜ್ಜೆ 2: ಕೇಬಲ್

ಕೀಬೋರ್ಡ್ ಹಿಂದೆ ಚೌಕ ಆಕಾರದ ಯುಎಸ್‌ಬಿ ಜಾಗ ಇದೆಯಾ ನೋಡಿ. ‘ಯುಎಸ್‌ಬಿ ಟು ಹೋಸ್ಟ್’ ಎಂದು ಬರೆದಿರುತ್ತದೆ. ಪ್ರಿಂಟರ್‌ಗೆ ಹಾಕುವ ಕೇಬಲ್ಲೇ ಸಾಕು. ಪೆನ್‌ಡ್ರೈವ್ ಹಾಕುವ ಚಪ್ಪಟೆ ಜಾಗ ‘ಟು ಡಿವೈಸ್’, ಅದು ಇದಕ್ಕೆ ಬರುವುದಿಲ್ಲ. ಈಚಿನ ಬಹಳಷ್ಟು ಕೀಬೋರ್ಡ್‌ಗಳಿಗೆ ಡ್ರೈವರ್ ಬೇಡ, ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ಗುರುತಿಸುತ್ತದೆ. ಹಳೆಯದಾದರೆ ಕಂಪನಿಯ ಸೈಟ್‌ನಿಂದ ಡ್ರೈವರ್ ಹಾಕಿಕೊಳ್ಳಿ.

ದುಂಡು ಜಾಕ್ ಮಾತ್ರ ಇದ್ದರೆ ಯುಎಸ್‌ಬಿ-ಮಿಡಿ ಕೇಬಲ್ ಬೇಕು, ಅಥವಾ ದುಂಡು ಜಾಕ್ ಇರುವ ಇಂಟರ್‌ಫೇಸ್. ಆ ಕೇಬಲ್‌ನ ಎರಡು ಬಾಲಕ್ಕೆ ‘ಇನ್’, ‘ಔಟ್’ ಎಂದು ಅಚ್ಚಾಗಿರುತ್ತದೆ. ಕೆಲವು ತಯಾರಕರು ‘ಇದು ಕಂಪ್ಯೂಟರ್‌ನ ಇನ್’ ಎಂಬ ಅರ್ಥದಲ್ಲಿ ಹಾಗೆ ಬರೆಯುತ್ತಾರೆ, ಕೆಲವರು ‘ಇದನ್ನು ಕೀಬೋರ್ಡ್‌ನ ಇನ್‌ಗೆ ಹಾಕಿ’ ಎಂಬ ಅರ್ಥದಲ್ಲಿ. ಅಚ್ಚು ನಂಬಬೇಡಿ. ಕೀ ಒತ್ತಿದಾಗ ಕೇಬಲ್ ಮೇಲಿನ ದೀಪ ಮಿನುಗದಿದ್ದರೆ ಎರಡನ್ನೂ ಅದಲು ಬದಲು ಮಾಡಿ. ಏನೂ ಸುಟ್ಟು ಹೋಗುವುದಿಲ್ಲ.

ನಮ್ಮ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದೇ ಅಪರೂಪ, ಅಲ್ವಾ? ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ, ಕೀಬೋರ್ಡ್‌ನ ಯುಎಸ್‌ಬಿ ಮತ್ತು ಆಡಿಯೋ ಕೇಬಲ್ ಎರಡೂ ಸೇರಿದಾಗ, ‘ಗೊಂಯ್’ ಎಂಬ ಹಮ್ ಬಂದರೆ ಅದು ಅರ್ಥ್ ಸುತ್ತು ಹಾಕಿಕೊಂಡದ್ದು. ದುಂಡು ಜಾಕ್‌ನ ಮಿಡಿ ಇನ್ ಒಳಗೆ ಸೂಚನೆ ಬೆಳಕಿನ ಮೂಲಕ ದಾಟುತ್ತದೆ, ತಾಮ್ರದ ಸಂಪರ್ಕ ಇರುವುದಿಲ್ಲ. ಹಾಗಾಗಿ ಯುಎಸ್‌ಬಿಯಲ್ಲಿ ಹಮ್ ಕಾಟ ಕೊಟ್ಟರೆ, ಎರಡೂ ಜಾಕ್ ಇರುವ ಕೀಬೋರ್ಡ್‌ನಲ್ಲಿ ದುಂಡು ಜಾಕ್ ಬಳಸಿ ನೋಡಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕುವ ಉಪಾಯ ಮಾತ್ರ ಬೇಡವೇ ಬೇಡ. ಹಮ್ ಹೋಗುತ್ತದೆ, ಜೊತೆಗೆ ನಿಮ್ಮ ರಕ್ಷಣೆಯೂ ಹೋಗುತ್ತದೆ.

ಹೆಜ್ಜೆ 3: ಕಂಪ್ಯೂಟರ್‌ಗೆ ಏನು ತಲುಪುತ್ತಿದೆ ನೋಡಿ

ಪ್ಲಗಿನ್ ಹಾಕುವ ಮೊದಲು ಇದನ್ನು ಮಾಡಿ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ಕೀ ಒತ್ತಿದರೆ ಒಂದು ಸಾಲು, ಬಿಟ್ಟರೆ ಇನ್ನೊಂದು ಸಾಲು ಮೂಡಬೇಕು. ಚಾನೆಲ್ ಎಷ್ಟು, ಸ್ವರದ ನಂಬರ್ ಎಷ್ಟು, ಒತ್ತಿದ ಬಲ ಎಷ್ಟು ಎಲ್ಲ ಅಲ್ಲೇ ಕಾಣುತ್ತದೆ. ಬಿಟ್ಟಾಗ ‘ನೋಟ್ ಆಫ್’ ಬದಲು ಬಲ 0 ಇರುವ ‘ನೋಟ್ ಆನ್’ ಬಂದರೂ ಸರಿಯೇ, ಎರಡರ ಅರ್ಥ ಒಂದೇ. ಕೈ ಎತ್ತಿದ್ದರೂ ಸಾಲುಗಳು ಸುರಿಯುತ್ತಿದ್ದರೆ ಹೆದರಬೇಡಿ. ‘ನಾನಿದ್ದೇನೆ’ ಎಂದು ಹೇಳುವ ಆಕ್ಟಿವ್ ಸೆನ್ಸಿಂಗ್ ಮತ್ತು ತಾಳದ ಕ್ಲಾಕ್ ಅವು. ಫಿಲ್ಟರ್‌ನಲ್ಲಿ ಅವನ್ನು ಮರೆಮಾಡಿ.

ನೋಡಿ ಆದ ಮೇಲೆ ಮಿಡಿ-ಆಕ್ಸ್ ಮುಚ್ಚಿಬಿಡಿ. ವಿಂಡೋಸ್‌ನಲ್ಲಿ ಬಹಳಷ್ಟು ಡ್ರೈವರ್‌ಗಳು ಒಂದು ಪೋರ್ಟನ್ನು (ಮಿಡಿ ಬರುವ ಹೋಗುವ ಬಾಗಿಲು) ಒಂದು ಹೊತ್ತಿಗೆ ಒಂದೇ ಸಾಫ್ಟ್‌ವೇರ್‌ಗೆ ಬಿಟ್ಟುಕೊಡುತ್ತವೆ. ಅದು ತೆರೆದೇ ಇದ್ದರೆ ರೀಪರ್‌ಗೆ ಪೋರ್ಟ್ ಸಿಗುವುದಿಲ್ಲ. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಮತ್ತೆ ಇನ್‌ಸ್ಟಾಲ್ ಮಾಡಿದವರಿದ್ದಾರೆ.

ಹೆಜ್ಜೆ 4: ರೀಪರ್‌ನಲ್ಲಿ ಮೊದಲ ದಾರಿ

‘ಪ್ರಿಫರೆನ್ಸಸ್’ ತೆರೆದು ಮಿಡಿ ಇನ್‌ಪುಟ್ ಪಟ್ಟಿಗೆ ಹೋಗಿ. ನಿಮ್ಮ ಕೀಬೋರ್ಡ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಎನೇಬಲ್ ಇನ್‌ಪುಟ್’ ಆರಿಸಿ. ಔಟ್‌ಪುಟ್ ಪಟ್ಟಿಯಲ್ಲೂ ಅದೇ ಹೆಸರು ಕಾಣುತ್ತದೆ. ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ಹೊಸ ಟ್ರ್ಯಾಕ್ ಮಾಡಿ. ರೆಕಾರ್ಡ್‌ಗೆ ಸಿದ್ಧ ಮಾಡುವ ಕೆಂಪು ಆರ್ಮ್ ಬಟನ್ ಒತ್ತಿ. ಇನ್‌ಪುಟ್‌ನಲ್ಲಿ ಮಿಡಿ, ಅದರಲ್ಲಿ ನಿಮ್ಮ ಕೀಬೋರ್ಡ್, ಅದರಲ್ಲಿ ‘ಆಲ್ ಚಾನೆಲ್ಸ್’ ಆರಿಸಿ. ಮಾನಿಟರ್ ಆನ್ ಇರಲಿ. ಎಫ್‌ಎಕ್ಸ್ ಬಟನ್ ಒತ್ತಿ ರೀಸಿಂಥ್ ಎಂಬ ಪ್ಲಗಿನ್ ಹಾಕಿ. ಅದು ರೀಪರ್ ಜೊತೆಗೇ ಬರುತ್ತದೆ, ಧ್ವನಿ ಸಪ್ಪೆ, ಆದರೆ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದಿಲ್ಲ. ದೊಡ್ಡ ಸ್ಯಾಂಪಲ್ ಲೈಬ್ರರಿ ಹಾಕಿ ಶಬ್ದ ಬರದಿದ್ದರೆ ತಪ್ಪು ಲೈಬ್ರರಿಯದೋ ದಾರಿಯದೋ ಗೊತ್ತಾಗುವುದಿಲ್ಲ.

ಈಗ ನುಡಿಸಿ. ಶಬ್ದ ಬಂತಾ? ತಡವಾಗಿ ಬಂತಾ? ತಡ ಆದರೆ ಅದು ಆಡಿಯೋ ಬಫರ್‌ನ ಕೆಲಸ, ಅಂದರೆ ಕಂಪ್ಯೂಟರ್ ಶಬ್ದವನ್ನು ತುಂಬಿಟ್ಟುಕೊಂಡು ಕಳಿಸುವ ತುಣುಕಿನ ಅಳತೆ. 44,100 ಸ್ಯಾಂಪಲ್ ರೇಟ್‌ನಲ್ಲಿ 128ರ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್, 256 ಅಂದರೆ ಸುಮಾರು 6, 1024 ಅಂದರೆ 23. ವಿಂಡೋಸ್‌ನಲ್ಲಿ ಇಂಟರ್‌ಫೇಸ್‌ನ ಸ್ವಂತ ಆಸಿಯೋ (ತಡ ಕಡಿಮೆ ಮಾಡುವ) ಡ್ರೈವರ್ ಬಳಸಿ. ಇಂಟರ್‌ಫೇಸ್ ಇಲ್ಲದವರು ಆಸಿಯೋ4ಆಲ್ ಹಾಕಿಕೊಳ್ಳಬಹುದು. 128 ಅಥವಾ 256 ಇಟ್ಟು ನುಡಿಸಿ, ಮಿಕ್ಸಿಂಗ್ ಮಾಡುವಾಗ ಜಾಸ್ತಿ ಮಾಡಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ತೆಗೆದಿಡಿ, ಅದರ ತಡವನ್ನು ಯಾವ ಬಫರ್ರೂ ಸರಿಮಾಡುವುದಿಲ್ಲ.

ಹೆಜ್ಜೆ 5: ಎರಡೆರಡು ಸ್ವರ

‘ಎಂತ ಮಾರಾಯ್ರೆ, ಒಂದು ಕೀ ಒತ್ತಿದ್ರೆ ಎರಡೆರಡು ಸ್ವರ ಬರ್ತದಲ್ಲ!’ ತೀರ್ಥಹಳ್ಳಿ ಕಡೆಯ ಕೀಬೋರ್ಡ್ ವಾದಕರೊಬ್ಬರ ಫೋನ್ ಶುರುವಾಗುವುದೇ ಹೀಗೆ. ಅವರ ಲ್ಯಾಪ್‌ಟಾಪ್‌ನಲ್ಲಿ ತಪ್ಪೇನೂ ಇರುವುದಿಲ್ಲ. ಕೀ ಒತ್ತಿದಾಗ ಕೀಬೋರ್ಡ್ ತನ್ನ ಟೋನನ್ನೂ ನುಡಿಸುತ್ತದೆ, ರೀಪರ್‌ಗೂ ಹೇಳುತ್ತದೆ. ರೀಪರ್ ಪ್ಲಗಿನ್ ನುಡಿಸುತ್ತದೆ. ಇದರ ಮೇಲೆ ಔಟ್‌ಪುಟ್‌ನಲ್ಲೂ ಕೀಬೋರ್ಡ್ ಆನ್ ಮಾಡಿ ಟ್ರ್ಯಾಕ್‌ನಿಂದ ಅಲ್ಲಿಗೆ ಕಳಿಸಿದ್ದರೆ, ಅದೇ ಸ್ವರ ವಾಪಸ್ ಬಂದು ಇನ್ನೊಮ್ಮೆ ನುಡಿಯುತ್ತದೆ.

ಮದ್ದು ಕೀಬೋರ್ಡ್‌ನಲ್ಲೇ ಇದೆ. ಫಂಕ್ಷನ್ ಅಥವಾ ಮಿಡಿ ಮೆನುವಿನಲ್ಲಿ ‘ಲೋಕಲ್’ ಅಥವಾ ‘ಲೋಕಲ್ ಕಂಟ್ರೋಲ್’ ಹುಡುಕಿ ಆಫ್ ಮಾಡಿ. ಈಗ ಕೀಗಳಿಗೂ ಒಳಗಿನ ಟೋನ್‌ಗೂ ಸಂಬಂಧ ಕಡಿಯಿತು. ಕೀಗಳು ಕಂಪ್ಯೂಟರ್‌ಗೆ ಮಾತ್ರ ಹೇಳುತ್ತವೆ. ಒಳಗಿನ ಟೋನ್ ಬೇಕಾದ ಟ್ರ್ಯಾಕ್‌ಗೆ ಮಾತ್ರ ರೂಟ್ ಕಿಟಕಿಯಲ್ಲಿ ಮಿಡಿ ಹಾರ್ಡ್‌ವೇರ್ ಔಟ್‌ಪುಟ್ ಆಗಿ ಕೀಬೋರ್ಡ್ ಆರಿಸಿ. ಆಗ ಔಟ್‌ಪುಟ್ ಪಟ್ಟಿಯಲ್ಲಿ ಅದನ್ನು ಆನ್ ಮಾಡಿಕೊಳ್ಳಬಹುದು.

ಇಲ್ಲಿ ಮಲೆನಾಡಿನವರಿಗೆ ವಿಶೇಷವಾಗಿ ಒಂದು ಮಾತು. ಜುಲೈನಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಕೀಬೋರ್ಡ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬಹಳ ಕೀಬೋರ್ಡ್‌ಗಳಲ್ಲಿ ಹೀಗೆ ಆನ್ ಆದಾಗ ಲೋಕಲ್ ತಾನಾಗಿ ಆನ್ ಸ್ಥಿತಿಗೆ ಮರಳುತ್ತದೆ. ನಿನ್ನೆ ಸರಿ ಇದ್ದದ್ದು ಇವತ್ತು ಎರಡೆರಡು ಕೇಳುವುದಕ್ಕೆ ಕಾರಣ ಇದೇ. ಜೊತೆಗೆ, ಕೀ ಒತ್ತಿದ್ದಾಗಲೇ ಕರೆಂಟ್ ಹೋದರೆ ‘ಬಿಟ್ಟರು’ ಎಂಬ ಸೂಚನೆ ರೀಪರ್‌ಗೆ ತಲುಪುವುದೇ ಇಲ್ಲ, ಆ ಸ್ವರ ಎಳೆದುಕೊಂಡೇ ಇರುತ್ತದೆ. ರೀಪರ್‌ನ ಆಕ್ಷನ್ ಪಟ್ಟಿಯಲ್ಲಿ ‘ಆಲ್ ನೋಟ್ಸ್ ಆಫ್’ ಹುಡುಕಿ ಅದಕ್ಕೊಂದು ಶಾರ್ಟ್‌ಕಟ್ ಕೊಟ್ಟುಕೊಳ್ಳಿ. ಕರೆಂಟ್ ಬಂದ ಮೇಲೆ ‘ರೀಸೆಟ್ ಆಲ್ ಮಿಡಿ ಡಿವೈಸಸ್’ ಒತ್ತಿ, ಇಲ್ಲದಿದ್ದರೆ ಕೀಬೋರ್ಡ್ ಪಟ್ಟಿಯಲ್ಲಿದ್ದರೂ ಮಾತಾಡದೆ ಕೂತಿರಬಹುದು. ಕೀಬೋರ್ಡನ್ನೂ ಇಂಟರ್‌ಫೇಸನ್ನೂ ಒಂದು ಸಣ್ಣ ಯುಪಿಎಸ್ ಮೇಲೆ ಹಾಕಿದರೆ ಈ ರಗಳೆ ಯಾವುದೂ ಇಲ್ಲ. ನನ್ನನ್ನು ಕೇಳಿದರೆ ಹೊಸ ಪ್ಲಗಿನ್‌ಗಿಂತ ಮೊದಲು ದುಡ್ಡು ಹಾಕಬೇಕಾದ್ದು ಅಲ್ಲಿ.

ಹೆಜ್ಜೆ 6: ಸ್ಟೈಲ್ ಬಿಡಿಸಿ ಹಂಚುವುದು

ಅರೇಂಜರ್ ಕೀಬೋರ್ಡ್ ಇರುವವರಿಗೆ ಮಿಡಿಯ ನಿಜವಾದ ಲಾಭ ಇಲ್ಲಿದೆ. ಎಡಗೈಯಲ್ಲಿ ಕಾರ್ಡ್ ಹಿಡಿದರೆ ಸ್ಟೈಲ್, ಅಂದರೆ ಸಿದ್ಧ ಹಿಮ್ಮೇಳ, ಓಡುತ್ತದೆ. ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಬೇರೆ ಬೇರೆ ಚಾನೆಲ್‌ನಲ್ಲಿ ಹೊರಗೆ ಬರುವ ಹಾಗೆ ಮಾಡಬಹುದು. ಯಮಾಹಾ ಸ್ಟೈಲ್ ಫೈಲ್‌ಗಳಲ್ಲಿ 9 ಮತ್ತು 10 ರಿದಮ್, 11 ಬೇಸ್, 12 ಮತ್ತು 13 ಕಾರ್ಡ್, 14 ಪ್ಯಾಡ್, 15 ಮತ್ತು 16 ಫ್ರೇಸ್. ಕೆಲವು ಮಾಡೆಲ್‌ಗಳಲ್ಲಿ ‘ಸ್ಟೈಲ್ ಔಟ್’ ಎಂಬುದನ್ನು ಮೆನುವಿನಲ್ಲಿ ಆನ್ ಮಾಡಬೇಕು. ಸುಮ್ನೆ ನಂಬಿಕೊಳ್ಳದೆ ಹೆಜ್ಜೆ 3ರಲ್ಲಿ ನೋಡಿದ ಹಾಗೆ ನಿಮ್ಮ ಕೀಬೋರ್ಡ್ ಏನು ಕಳಿಸುತ್ತದೆ ನೋಡಿಕೊಳ್ಳಿ.

ಪ್ರತಿ ಚಾನೆಲ್‌ಗೂ ಒಂದು ಟ್ರ್ಯಾಕ್ ಆರ್ಮ್ ಮಾಡುವ ಪದ್ಧತಿ ನನಗೆ ಇಷ್ಟವಿಲ್ಲ. ಒಂದನ್ನು ಆರ್ಮ್ ಮಾಡಲು ಮರೆತರೆ ಬೇಸ್ ಪೂರ್ತಿ ಹೋಯಿತು. ಬದಲಿಗೆ ‘ಒಳಬಾಗಿಲು’ ಎಂದು ಒಂದೇ ಟ್ರ್ಯಾಕ್ ಮಾಡಿ. ಅದರಲ್ಲಿ ಆಲ್ ಚಾನೆಲ್ಸ್, ಅದರಲ್ಲಿ ಮಾತ್ರ ರೆಕಾರ್ಡಿಂಗ್. ಅದರ ಮೇಲೆ ಯಾವ ವಾದ್ಯವೂ ಬೇಡ, ರೀಸಿಂಥ್ ಇದ್ದರೆ ತೆಗೆಯಿರಿ. ಆಮೇಲೆ ಡ್ರಮ್ಸ್, ಬೇಸ್, ಗಿಟಾರ್ ಎಂದು ಟ್ರ್ಯಾಕ್ ಮಾಡಿ ಪ್ಲಗಿನ್ ಹಾಕಿ. ಒಳಬಾಗಿಲಿನ ರೂಟ್ ಬಟನ್‌ನಿಂದ ಒಂದೊಂದಕ್ಕೂ ಸೆಂಡ್ (ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ದಾರಿ) ಕೊಡಿ. ಪ್ರತಿ ಸೆಂಡ್‌ನಲ್ಲಿ ಆಡಿಯೋ ‘None’ (ಯಾವುದೂ ಇಲ್ಲ) ಮಾಡಿ. ಮಿಡಿಯಲ್ಲಿ ಎಡಗಡೆ ಮೂಲ ಚಾನೆಲ್, ಬಲಗಡೆ ತಲುಪುವ ಚಾನೆಲ್. ಬೇಸ್‌ಗೆ 11ರಿಂದ 1ಕ್ಕೆ. ಡ್ರಮ್ಸ್‌ಗೆ 10ರಿಂದ 10ಕ್ಕೆ, ಪ್ಲಗಿನ್ 1ನ್ನು ಮಾತ್ರ ಕೇಳುವುದಾದರೆ 10ರಿಂದ 1ಕ್ಕೆ. 9ನೇ ಚಾನೆಲ್‌ನಲ್ಲೂ ರಿದಮ್ ಬರುತ್ತಿದ್ದರೆ ಅದಕ್ಕೆ ಇನ್ನೊಂದು ಸೆಂಡ್. ಎಡಗಡೆ ‘ಆಲ್’ ಎಂದು ಹಾಗೆಯೇ ಬಿಟ್ಟರೆ ಬೇಸ್ ಪ್ಲಗಿನ್ ಡ್ರಮ್ಸ್ ಸ್ವರಗಳನ್ನೂ ನುಡಿಸಲು ಹೊರಡುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ, ಅಷ್ಟು ಕೆಟ್ಟದಾಗಿರುತ್ತದೆ.

ಒಂದು ಸೆಂಡ್ ಹಾಕಿ, ನುಡಿಸಿ ನೋಡಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಹಾಕಿ ಕೊನೆಗೆ ತಪ್ಪು ಹುಡುಕುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಶ್ರುತಿ ಬದಲಿಸುವಾಗ

ನೀವು ಬಿಳಿ ಒಂದರಲ್ಲಿ, ಅಂದರೆ ಸಿ ಯಲ್ಲಿ, ಟ್ರ್ಯಾಕ್ ನುಡಿಸಿಟ್ಟಿದ್ದೀರಿ. ಹಾಡುವ ಅಕ್ಕ ಬಂದು ‘ನನಗೆ ಬಿಳಿ ಐದು ಬೇಕು’ ಅಂದರು. ಅಂದರೆ ಕಪ್ಪು, ಬಿಳಿ ಎಲ್ಲ ಕೀ ಸೇರಿಸಿ ಎಣಿಸಿದರೆ 7 ಮನೆ ಮೇಲೆ. ಒಳಬಾಗಿಲು ಟ್ರ್ಯಾಕ್‌ಗೆ ಟ್ರಾನ್ಸ್‌ಪೋಸ್ ಎಫೆಕ್ಟ್ ಹಾಕಿ +7 ಕೊಟ್ಟರೆ ಮುಗಿಯಿತು ಅನ್ನಿಸುತ್ತದೆ. ಪ್ಲೇ ಒತ್ತಿ ನೋಡಿ. ಡ್ರಮ್ಸ್‌ನಲ್ಲಿ ಸ್ವರದ ನಂಬರ್ ಅಂದರೆ ಒಂದೊಂದು ವಾದ್ಯ. 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. 7 ಕೂಡಿಸಿದರೆ ಕಿಕ್ ಹೋಗಿ 43ರ ಟಾಮ್ ಆಗುತ್ತದೆ, ಸ್ನೇರ್ 45ರ ಟಾಮ್. ಹೈಹ್ಯಾಟ್ 49ರ ಕ್ರ್ಯಾಶ್ ಆಗುತ್ತದೆ. ಆವರ್ತಕ್ಕೆ ಎಂಟು ಸಲ ಮೆಲ್ಲಗೆ ಬೀಳಬೇಕಾದ ಹೈಹ್ಯಾಟ್ ಜಾಗದಲ್ಲಿ ಎಂಟು ಸಲ ಕ್ರ್ಯಾಶ್. ಭಾವಗೀತೆಗೆ ಅದು ಹೇಗಿರುತ್ತದೆ ಹೇಳಬೇಕಾಗಿಲ್ಲ.

ಆದ್ದರಿಂದ ಟ್ರಾನ್ಸ್‌ಪೋಸನ್ನು ಒಳಬಾಗಿಲಿನಲ್ಲಿ ಹಾಕದೆ ಬೇಸ್, ಗಿಟಾರ್, ಪ್ಯಾಡ್ ಟ್ರ್ಯಾಕ್‌ಗಳಲ್ಲಿ ವಾದ್ಯದ ಪ್ಲಗಿನ್‌ಗೆ ಮೊದಲು ಹಾಕಿ. ಡ್ರಮ್ಸ್ ಟ್ರ್ಯಾಕ್ ಹಾಗೇ ಇರಲಿ. ಬೇಸ್‌ಗೆ +7ಕ್ಕಿಂತ -5 ವಾಸಿ. ಸ್ವರ ಅದೇ ಜಿ, ಆದರೆ ಬೇಸ್ ತನ್ನ ಗಾಂಭೀರ್ಯ ಬಿಡುವುದಿಲ್ಲ. ಕೀಬೋರ್ಡ್‌ನ ಟ್ರಾನ್ಸ್‌ಪೋಸ್ ಬಟನ್ ಮಾತ್ರ 0ಯಲ್ಲೇ ಇರಲಿ. ಅಲ್ಲೂ ಇಲ್ಲೂ ಎರಡು ಕಡೆ ಬದಲಿಸಿದರೆ ಅಕ್ಕನಿಗೆ ಬೇಕಾದ್ದು ಬಿಟ್ಟು ಬೇರೆ ಎಲ್ಲ ಶ್ರುತಿಯೂ ಸಿಗುತ್ತದೆ.

ಗಮಕಕ್ಕೆ ಪಿಚ್ ಬೆಂಡ್ ಬಳಸುವವರು ಇನ್ನೊಂದು ನೋಡಿ. ಸಾಮಾನ್ಯವಾಗಿ ಬೆಂಡ್ ಹರವು ಎರಡು ಮನೆ ಇರುತ್ತದೆ. ಕೀಬೋರ್ಡ್‌ನಲ್ಲಿ ನೀವು ಅದನ್ನು 12 ಮಾಡಿಕೊಂಡು ಪ್ಲಗಿನ್‌ನಲ್ಲಿ 2 ಬಿಟ್ಟರೆ ಜಾರು ಅರ್ಧಕ್ಕೂ ಮೊದಲೇ ನಿಂತ ಹಾಗೆ ಕೇಳುತ್ತದೆ. ಎರಡೂ ಕಡೆ ಒಂದೇ ಅಂಕಿ ಇಡಿ.

ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ

ಸ್ಟೈಲ್ ನುಡಿಸುವ ಸಾಫ್ಟ್‌ವೇರ್ ಬೇರೆ, ರೆಕಾರ್ಡ್ ಮಾಡುವುದು ರೀಪರ್‌ನಲ್ಲಿ ಅಂದಾಗ ಕೇಬಲ್ ಹಾಕುವ ಜಾಗವೇ ಇಲ್ಲ. ಆಗ ಬೇಕಾದ್ದು ವರ್ಚುವಲ್ ಪೋರ್ಟ್, ಅಂದರೆ ಕಂಪ್ಯೂಟರ್ ಒಳಗಿನ ಕಾಣದ ಕೇಬಲ್. ವಿಂಡೋಸ್‌ನಲ್ಲಿ ಟೋಬಿಯಾಸ್ ಎರಿಕ್‌ಸೆನ್ ಅವರ ಲೂಪ್‌ಮಿಡಿ ಹಾಕಿಕೊಳ್ಳಿ. ಕೆಳಗಿನ ಕೂಡಿಸು ಚಿಹ್ನೆ ಒತ್ತಿದರೆ ಪೋರ್ಟ್ ಹುಟ್ಟುತ್ತದೆ. ಹೆಸರು ‘ಸ್ಟೈಲ್‌ನಿಂದ ರೀಪರ್’ ಎಂಬಂತೆ ದಿಕ್ಕು ಹೇಳುವ ಹಾಗಿರಲಿ. ಮೊದಲ ಸಾಫ್ಟ್‌ವೇರ್‌ನ ಔಟ್‌ಪುಟ್‌ನಲ್ಲಿ ಅದನ್ನು ಆರಿಸಿ, ರೀಪರ್‌ನ ಇನ್‌ಪುಟ್‌ನಲ್ಲಿ ಎನೇಬಲ್ ಮಾಡಿ. ರೀಪರ್‌ನ ಔಟ್‌ಪುಟ್‌ನಲ್ಲಿ ಅದೇ ಪೋರ್ಟ್ ಆನ್ ಮಾಡಬೇಡಿ. ಮಾಡಿ ಟ್ರ್ಯಾಕ್‌ನಿಂದ ಅಲ್ಲಿಗೆ ಕಳಿಸಿದರೆ, ಕಳಿಸಿದ್ದು ಅಲ್ಲೇ ಸುತ್ತಿ ವಾಪಸ್ ಬರುತ್ತದೆ, ಸಾವಿರಗಟ್ಟಲೆ ಸ್ವರ ತುಂಬಿ ಲ್ಯಾಪ್‌ಟಾಪ್ ಕೈಕಟ್ಟಿ ಕೂರಬಹುದು. ವಾಪಸ್ ಬರುವ ದಾರಿಯೂ ಬೇಕಿದ್ದರೆ ಎರಡನೇ ಪೋರ್ಟ್ ಮಾಡಿ. ಲೂಪ್‌ಮಿಡಿ ಓಡುತ್ತಿರುವಷ್ಟು ಹೊತ್ತು ಮಾತ್ರ ಪೋರ್ಟ್ ಇರುತ್ತದೆ, ಹಾಗಾಗಿ ಕಂಪ್ಯೂಟರ್ ಜೊತೆಗೇ ಶುರುವಾಗುವ ಹಾಗೆ ಇಟ್ಟುಕೊಳ್ಳಿ. ಅದರ ಪಟ್ಟಿಯಲ್ಲಿ ಎಷ್ಟು ಡೇಟಾ ದಾಟಿತು ಎಂದು ಕಾಣುತ್ತದೆ. ಆ ಅಂಕಿ ಏರದಿದ್ದರೆ ಕಳಿಸುವವನ ತಪ್ಪು, ಏರುತ್ತಿದ್ದರೆ ಕೇಳುವವನ ತಪ್ಪು.

ಮ್ಯಾಕ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ‘ಆಡಿಯೋ ಮಿಡಿ ಸೆಟಪ್’ ತೆರೆದು ಮಿಡಿ ಸ್ಟುಡಿಯೋ ಕಿಟಕಿಯಲ್ಲಿ ಐಎಸಿ ಡ್ರೈವರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ‘ಡಿವೈಸ್ ಈಸ್ ಆನ್‌ಲೈನ್’ ಟಿಕ್ ಮಾಡಿ. ಲಿನಕ್ಸ್‌ನವರಿಗೆ ಪೈಪ್‌ವೈರ್ (ಶಬ್ದ, ಮಿಡಿ ಹಂಚುವ ವ್ಯವಸ್ಥೆ) ಇದ್ದರೆ ಕ್ಯೂಪಿಡಬ್ಲ್ಯೂಗ್ರಾಫ್ ಸಾಕು, ಪೋರ್ಟ್‌ನಿಂದ ಪೋರ್ಟ್‌ಗೆ ಮೌಸ್‌ನಲ್ಲಿ ಗೆರೆ ಎಳೆದರೆ ದಾರಿ ಆಯಿತು. ಹೆಜ್ಜೆ 1ರ ಹಾಳೆಯೇ ಪರದೆ ಮೇಲೆ ಬಂದ ಹಾಗೆ. ಈ ಒಂದು ವಿಷಯದಲ್ಲಿ ಲಿನಕ್ಸ್ ಎಲ್ಲರಿಗಿಂತ ಮುಂದೆ.

ಕೆಲಸ ಮುಗಿದ ಮೇಲೆ

ಎಲ್ಲ ಸರಿ ಕೂತ ದಿನವೇ ‘ಸೇವ್ ಪ್ರಾಜೆಕ್ಟ್ ಆಸ್ ಟೆಂಪ್ಲೇಟ್’ ಮಾಡಿ. ಕೀಬೋರ್ಡ್ ಕೇಬಲ್ ಯಾವ ಯುಎಸ್‌ಬಿ ಜಾಗದಲ್ಲಿತ್ತೋ ಅಲ್ಲಿಗೆ ಬಣ್ಣದ ಟೇಪ್ ಅಂಟಿಸಿ. ಜಾಗ ಬದಲಿಸಿದರೆ ವಿಂಡೋಸ್ ಅದನ್ನು ಹೊಸ ಸಾಧನ ಎಂದುಕೊಂಡು ಹೆಸರಿನ ಮುಂದೆ 2 ಸೇರಿಸುವುದುಂಟು, ಆಗ ಟೆಂಪ್ಲೇಟ್ ಹಳೆಯ ಹೆಸರನ್ನೇ ಹುಡುಕುತ್ತದೆ. ಅರ್ಧ ಗಂಟೆ ಬಿಟ್ಟು ಬಂದಾಗ ಕೀಬೋರ್ಡ್ ಕಾಣೆಯಾಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್‌ನ ಪವರ್ ಉಳಿಸುವ ಟಿಕ್ ತೆಗೆಯಿರಿ.

ಮಳೆಗಾಲದಲ್ಲಿ ದುಂಡು ಜಾಕ್‌ನ ಪಿನ್ನುಗಳು ಮಂಕಾಗುತ್ತವೆ. ತಿಂಗಳಿಗೊಮ್ಮೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೆ ಸಾಕು, ಸ್ವರ ಬಿಟ್ಟು ಬಿಟ್ಟು ಬಂದರೆ ಕಾಂಟ್ಯಾಕ್ಟ್ ಕ್ಲೀನರ್. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಯುಎಸ್‌ಬಿ ಕೇಬಲನ್ನೂ ಕೀಳಿ. ಬ್ರಾಡ್‌ಬ್ಯಾಂಡ್ ವೈರ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ್ದರೆ ಅದನ್ನು ಮೊದಲು.